ಭಜನೆ ಗ್ರೂಪಿನಲ್ಲಿ ನಾನಾಡಿದ ಮಾತು

ಭಾನುವಾರ ಬೆಳಿಗ್ಗೆ ತಿಂಡಿಯ ಪಾತ್ರೆ ತೊಳೆದಿಟ್ಟು, ಜಗಲಿಯಲ್ಲಿ ಹಳೆಯ ಸೀರೆ ಹಾಸಿ, ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ವರ್ಷಕ್ಕೆ ಬೇಕಾದಷ್ಟು ಹುಳಿಯನ್ನು ಬೇಸಿಗೆಯಲ್ಲೇ ಬೀಜ ತೆಗೆದು, ಒಣಗಿಸಿ, ಉಪ್ಪು ಬೆರೆಸಿ ಭರಣಿಗೆ ತುಂಬಿಸಿಡದಿದ್ದರೆ ನನಗೆ ಸಮಾಧಾನವಿಲ್ಲ. ಎರಡು ಕೈಯೂ ಅಂಟು. ಎದುರಿಗೆ ಅತ್ತೆ ಕಾಲು ಚಾಚಿ ಕುಳಿತು, ನಾನು ಎಸೆದ ಬೀಜಗಳನ್ನು ಡಬ್ಬಿಗೆ ಹಾಕುತ್ತಿದ್ದರು. ಆಗ ಪಕ್ಕದಲ್ಲಿದ್ದ ಫೋನು ಟಿಣ್ ಎಂದಿತು.

ನಮ್ಮ ಮಹಿಳಾ ಭಜನಾ ಮಂಡಳಿಯ ಗ್ರೂಪು. ಬಂಟ್ವಾಳ ಪೇಟೆಯಿಂದ ಎರಡು ಮೈಲಿ ಒಳಗೆ ನಮ್ಮ ಊರು. ಊರಿನ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಕುಳಿತು ಹಾಡುವವರು ಇಪ್ಪತ್ತು, ಇಪ್ಪತ್ತೈದು ಜನ. ಗ್ರೂಪಿನಲ್ಲಿರುವವರು ಐವತ್ತೆಂಟು. ಮದುವೆಯಾಗಿ ಬೇರೆ ಊರಿಗೆ ಹೋದವರು, ಗಲ್ಫಿನಲ್ಲಿರುವವರು, ಹಾಡದೇ ಇದ್ದರೂ ಸುದ್ದಿ ಬೇಕಾದವರು ಎಲ್ಲ ಸೇರಿ ಅಷ್ಟು.

ಬಂದದ್ದು ಒಂದು ಫೋಟೋ. ಬಿಳಿ ಶಾಲು ಹೊದ್ದ ಒಬ್ಬರು ಹಿರಿಯರು, ಮೇಲೆ ಶ್ರದ್ಧಾಂಜಲಿ ಎಂದು ಬರೆದಿತ್ತು. ಕೆಳಗೆ ಒಬ್ಬರು, "ಇವರು ನಮ್ಮ ಪಾಣೆಮಂಗಳೂರಿನವಳ ಗಂಡನ ಸೋದರಮಾವ ಅಲ್ವಾ? ಸೋಮವಾರ ತೀರಿಕೊಂಡದ್ದಂತೆ" ಎಂದು ಹಾಕಿದ್ದರು.

ಪಾಣೆಮಂಗಳೂರಿನವಳು ಎಂದರೆ ನಮ್ಮಲ್ಲಿ ಹಾಡು ಎತ್ತಿಕೊಡುವವಳು. ಹುಟ್ಟಿದ ಮನೆ ನಮ್ಮ ಊರಲ್ಲೇ. ಮದುವೆಯಾಗಿ ಹೊಳೆಯಾಚೆ ಪಾಣೆಮಂಗಳೂರಿಗೆ ಹೋದ ಮೇಲೂ ಪ್ರತಿ ಶನಿವಾರ ಸ್ಕೂಟರಿನಲ್ಲಿ ಬಂದು ಎದುರಿನ ಸಾಲಿನಲ್ಲಿ ಕೂರುತ್ತಾಳೆ. ಅವಳು ಒಂದು ಸಾಲು ಹೇಳಿದರೆ ನಾವೆಲ್ಲ ಹಿಂದಿನಿಂದ ಹೇಳುವುದು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ನಾನು ತಂಗಿ ಎಂದೇ ಕರೆಯುವುದು.

ಸೋಮವಾರ ಸಾವು. ನಿನ್ನೆ ಶನಿವಾರ. ಭಜನೆಯ ಪ್ರಸಾದಕ್ಕೆ ಪಂಚಕಜ್ಜಾಯ ಮಾಡಿ ತರುವ ಸರದಿ ನಿನ್ನೆ ಅವಳದೇ ಆಗಿತ್ತು. ತಂದಿದ್ದಳು. ದೇವರ ಪಟದ ಎದುರು ತಾನೇ ಇಟ್ಟಿದ್ದಳು. ನಾನು ತಿಂದು, ಅತ್ತೆಗೂ ಒಂದು ಮುಷ್ಟಿ ಎಲೆಯಲ್ಲಿ ಕಟ್ಟಿ ತಂದಿದ್ದೆ.

ನನ್ನ ಮೈ ಬಿಸಿಯಾಯಿತು. ನನ್ನ ತವರು ಬೆಳ್ತಂಗಡಿಯಿಂದಲೂ ಆಚೆ, ಘಟ್ಟದ ಬುಡದ ಹಳ್ಳಿ. ನಮ್ಮದು ಮಕ್ಕಳಕಟ್ಟು, ಅಂದರೆ ಅಪ್ಪನಿಂದ ಮಕ್ಕಳಿಗೆ ಬರುವ ಕುಟುಂಬ. ಹೆಣ್ಣು ಧಾರೆಯಾದ ದಿನದಿಂದ ಗಂಡನ ಕುಟುಂಬದ ಹುಟ್ಟು ಸಾವು ಎಲ್ಲ ಅವಳದೂ ಹೌದು. ಸೂತಕ ಎಂದರೆ ಹದಿಮೂರು ದಿನ ದೇವರ ದೀಪ ಮುಟ್ಟುವಂತಿಲ್ಲ. ಮಾವ ತೀರಿಕೊಂಡಾಗ ಆ ಹದಿಮೂರು ದಿನ ಸಂಜೆಯಾದರೆ ಕೈ ಎಲ್ಲಿಡುವುದೆಂದು ತಿಳಿಯದೆ ನಾನು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ಹೀಗೆ ನಡೆದುಕೊಂಡು ಬಂದವಳಿಗೆ ಅವಳು ಐದೇ ದಿನಕ್ಕೆ ಪಂಚಕಜ್ಜಾಯ ಕಲಸಿ ದೇವರೆದುರು ಇಟ್ಟಳಲ್ಲ ಎಂದು ತಡೆಯಲಾಗಲಿಲ್ಲ.

ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ಈ ಬರಹ ಸುಳ್ಳಾಗುತ್ತದೆ. ಅದಕ್ಕೆ ಒಂದು ತಿಂಗಳು ಮೊದಲು ಅವಳು ಅದೇ ಗ್ರೂಪಿನಲ್ಲಿ, ಭಜನೆಗೆ ತಾಳ ಹಾಕುವ ನನಗೆ, "ಅಕ್ಕ, ನಿಮ್ಮ ತಾಳ ನಮ್ಮನ್ನು ಬಿಟ್ಟು ಮುಂದೆ ಓಡ್ತದೆ, ಸ್ವಲ್ಪ ಹಿಡ್ಕೊಳ್ಳಿ" ಎಂದು ಬರೆದು ನಗುವ ಮುಖ ಹಾಕಿದ್ದಳು. ಎಲ್ಲರೂ ನಕ್ಕಿದ್ದರು. ನಾನೂ ನಗುವ ಮುಖವನ್ನೇ ಒತ್ತಿದ್ದೆ. ಆದರೆ ಮರೆತಿರಲಿಲ್ಲ.

ಬೆರಳು ಅಂಟಾದ್ದರಿಂದ ಬರೆಯಲು ಆಗುವುದಿಲ್ಲ. ಕಿರುಬೆರಳಿನಿಂದ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದೆ. ಮನೆಯಲ್ಲಿ ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಗ್ರೂಪಿನಲ್ಲಿ ಮಾತ್ರ ಕನ್ನಡ, ಅದೂ ಶಾಲೆಯಲ್ಲಿ ಕಲಿತ ಕನ್ನಡ. ಸಿಟ್ಟು ಬಂದಾಗ ಆ ಕನ್ನಡ ಕಚೇರಿಯ ನೋಟೀಸಿನ ಹಾಗೆ ಕೇಳುತ್ತದೆ.

"ಮಂಡಳಿಯ ಎಲ್ಲ ಸದಸ್ಯರ ಗಮನಕ್ಕೆ. ಸೂತಕ ಇರುವವರು ಮಂದಿರದ ಒಳಗೆ ಬರಬಾರದು, ಪ್ರಸಾದ ಮುಟ್ಟಬಾರದು ಅಂತ ಸಣ್ಣ ಮಕ್ಕಳಿಗೂ ಗೊತ್ತುಂಟು. ಪಾಣೆಮಂಗಳೂರಿನಿಂದ ಬರುವವರಿಗೆ ಮಾತ್ರ ಯಾಕೆ ಗೊತ್ತಿಲ್ಲ? ಎದುರಿನ ಸಾಲಿನಲ್ಲಿ ಕೂತು ಹಾಡಿದ ಕೂಡಲೇ ದೇವರ ನಿಯಮ ಯಾರಿಗೂ ಬೇರೆ ಆಗುವುದಿಲ್ಲ."

ಬೆರಳು ಬಿಟ್ಟೆ, ಹೋಯಿತು.

ನನ್ನ ಸ್ವರ ಮೊದಲೇ ದೊಡ್ಡದು. ಅತ್ತೆಗೆ ಕಿವಿ ಮಂದವಾದ ಮೇಲೆ ಇನ್ನೂ ದೊಡ್ಡದಾಗಿದೆ. ಮನೆಯಲ್ಲಿ ನಾನು ಅನ್ನಕ್ಕೆ ಕರೆದರೂ ಪಕ್ಕದ ಮನೆಯವರಿಗೆ ಜಗಳದ ಹಾಗೆ ಕೇಳುತ್ತದಂತೆ. ಆ ಸ್ವರದಲ್ಲಿ ಹೋಯಿತು.

ಎರಡೇ ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಬರಲು ಶುರುವಾದವು. ಒಂದು, ಎರಡು, ನಾಲ್ಕು. "ಸರಿಯಾಗಿ ಹೇಳಿದ್ರಿ ಅಕ್ಕ" ಎಂದರು ಒಬ್ಬರು. "ಹಾಗಾದ್ರೆ ಪ್ರಸಾದ ತಿಂದವರ ಗತಿ ಎಂತ ಮಾರಾಯ್ರೆ?" ಎಂದರು ಇನ್ನೊಬ್ಬರು. ಮತ್ತೊಬ್ಬರು, "ಮಂದಿರದ ವಾರ್ಷಿಕ ಮಂಗಲೋತ್ಸವಕ್ಕೆ ಹದಿನೈದು ದಿನ ಉಂಟು. ಅದಕ್ಕೆ ಮೊದಲು ಭಟ್ಟರನ್ನು ಕರೆಸಿ ಪುಣ್ಯಾಹ ಮಾಡಿಸುವ. ಗಂಡಸರ ಸಮಿತಿಗೂ ಇದನ್ನು ಕಳಿಸಿದ್ದೇನೆ. ಮಂಗಳವಾರ ಸಂಜೆ ಅವರ ಮೀಟಿಂಗ್ ಉಂಟಂತೆ" ಎಂದು ಬರೆದರು.

ಪುಣ್ಯಾಹ ಎಂದರೆ ಮೈಲಿಗೆಯಾದ ಜಾಗವನ್ನು ಮಂತ್ರದ ನೀರಿನಿಂದ ಶುದ್ಧ ಮಾಡುವುದು. ನನ್ನ ಮಾತಿಗೆ ಇಷ್ಟು ತೂಕ ಬಂತಲ್ಲ ಎಂದು ಒಳಗೊಳಗೆ ಒಂದು ಸಂತೋಷವೂ ಆಯಿತು. ಅದರ ಕೆಳಗೆಯೇ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು. ಪಾಣೆಮಂಗಳೂರಿನವಳು ಗ್ರೂಪು ಬಿಟ್ಟು ಹೋಗಿದ್ದಳು. ಒಂದು ಮಾತೂ ಆಡಿರಲಿಲ್ಲ. ತಪ್ಪು ಇದ್ದದ್ದಕ್ಕೇ ಬಾಯಿ ಬರಲಿಲ್ಲ ಎಂದುಕೊಂಡೆ.

ಅತ್ತೆ ಡಬ್ಬಿ ಕೆಳಗಿಟ್ಟು, "ಅಷ್ಟು ದೊಡ್ಡಕೆ ಯಾರಿಗೆ ಬೈದದ್ದು ನೀನು?" ಎಂದು ಕೇಳಿದರು. ಅವರು ಕೇಳಿದ್ದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೀಗೆ ಹೀಗೆ ಎಂದು ಕೂಗಿ ಹೇಳಿದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಅವಳಿಗೆ ಎಂತ ಸೂತಕ?"

"ಗಂಡನ ಸೋದರಮಾವ ಸತ್ತದ್ದು ಅತ್ತೆ."

"ಗಂಡನದ್ದು ಹೌದು. ಅವಳದ್ದಲ್ಲವಲ್ಲ. ಅವರದ್ದು ಅಳಿಯಕಟ್ಟು ಅಲ್ವಾ ಮಾರಾಯ್ತಿ? ಅವರಲ್ಲಿ ಕುಟುಂಬ ಬರುವುದು ತಾಯಿಯಿಂದ. ಅವಳ ಕುಟುಂಬ ಬೇರೆ, ಗಂಡನ ಕುಟುಂಬ ಬೇರೆ. ಅವಳ ಮಕ್ಕಳು ಸಹ ಅವಳ ಕುಟುಂಬಕ್ಕೇ. ಅಲ್ಲಿ ಸತ್ತರೆ ಇವಳಿಗೆ ಸೂತಕ ಉಂಟಾ?"

ನನ್ನ ಕೈಯಲ್ಲಿದ್ದ ಹುಣಸೆ ಕೈಯಲ್ಲೇ ಉಳಿಯಿತು. ಗೊತ್ತಿರಲಿಲ್ಲ ಎಂದರೆ ಸುಳ್ಳು. ಈ ಊರಿಗೆ ಬಂದು ಇಪ್ಪತ್ತಾರು ವರ್ಷವಾಯಿತು, ನಮ್ಮ ಸುತ್ತಲಿನ ಅರ್ಧಕ್ಕರ್ಧ ಮನೆಗಳು ಅಳಿಯಕಟ್ಟಿನವು. ಎಷ್ಟೋ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟಕ್ಕೆ ಹೋಗಿದ್ದೇನೆ. ಗೊತ್ತಿತ್ತು. ಸೋದರಮಾವ ಸತ್ತರೆ ಗಂಡನಿಗೆ ಸೂತಕ ಎಂಬ ಅವರ ನಿಯಮ ನೆನಪಿತ್ತು, ಹೆಂಡತಿಗೆ ಇಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ನನ್ನ ತವರಿನ ನಿಯಮವೇ ಎಲ್ಲರ ನಿಯಮ ಎಂಬ ಹಾಗೆ ಬಾಯಿ ಬಿಟ್ಟಿದ್ದೆ.

"ಪೊಳಲಿ ಅಮ್ಮ" ಎಂದು ನಮ್ಮ ಸೀಮೆಯ ದೇವಿಯನ್ನು ಕರೆದೆ.

"ಅಮ್ಮನನ್ನು ಯಾಕೆ ಕರೀತಿ ಈಗ? ಬಾಯಿ ತೆಗೆಯುವ ಮೊದಲು ಕರೀಬೇಕಿತ್ತು" ಎಂದರು ಅತ್ತೆ.

ಕೈ ತೊಳೆದುಕೊಂಡು ಮೂಡುಬಿದಿರೆಯಲ್ಲಿರುವ ಮಗಳಿಗೆ ಫೋನು ಮಾಡಿದೆ. ಅವಳಿಗೆ ನಗು, ಸಿಟ್ಟು ಎರಡೂ ಬಂತು. "ಅಮ್ಮ, ಮೊದಲು ಅದನ್ನು ಅಳಿಸು. ಒತ್ತಿ ಹಿಡಿ, ಮೇಲೆ ಬುಟ್ಟಿಯ ಚಿತ್ರ ಬರ್ತದೆ, ಅದನ್ನು ಒತ್ತು" ಎಂದಳು. ಒತ್ತಿದೆ. ಏನೇನೋ ಕೇಳಿತು, ಮತ್ತೊಮ್ಮೆ ಒತ್ತಿದೆ. ಹೋಯಿತು. ನನಗೆ ಎಷ್ಟು ಹಗುರವಾಯಿತು ಎಂದರೆ ಅತ್ತೆಗೆ ಒಂದು ಲೋಟ ಮಜ್ಜಿಗೆ ಮಾಡಿಕೊಟ್ಟೆ.

ಅರ್ಧ ಗಂಟೆಗೆ ಮಂಡಳಿಯ ಅಧ್ಯಕ್ಷೆಯ ಫೋನು ಬಂತು. ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಎಲ್ಲರೂ ಈಗಲೂ ಟೀಚರ್ ಎಂದೇ ಕರೆಯುವುದು. "ಇದೆಂತ ಮಾಡಿದ್ದು ನೀವು? ನಾನು ಮದುವೆಮನೆಯಲ್ಲಿ ಇದ್ದೇನೆ, ಇಲ್ಲಿ ಬಡಿಸುವವರು ಸಹ ನಿಮ್ಮ ಸ್ವರ ಕೇಳ್ತಾ ಇದ್ದಾರೆ."

"ಅಳಿಸಿದೆ ಟೀಚರ್. ಈಗಷ್ಟೇ ಅಳಿಸಿದೆ."

"ಎಲ್ಲಿ ಅಳಿಸಿದ್ದು? ನನ್ನ ಫೋನಿನಲ್ಲಿ ಉಂಟಲ್ಲ."

ನಾನು ಅಳಿಸಿದ್ದು ನನಗೆ ಮಾತ್ರ. ಎರಡು ಬಗೆಯ ಅಳಿಸುವಿಕೆ ಇರುವುದಂತೆ, ಎಲ್ಲರಿಗೂ ಎನ್ನುವುದನ್ನು ಬಿಟ್ಟು ನನಗೆ ಎನ್ನುವುದನ್ನು ಒತ್ತಿದ್ದೆ. ಇನ್ನು ಸರಿಪಡಿಸಲು ಬರುವುದಿಲ್ಲ ಎಂದಳು ಮಗಳು. ಐವತ್ತೇಳು ಜನರ ಕೈಯಲ್ಲಿ ನನ್ನ ಮಾತು ಹಾಗೆಯೇ ಇತ್ತು. ನನ್ನ ಕಣ್ಣಿಗೆ ಮಾತ್ರ ಅದು ಇಲ್ಲ.

ಪಾಣೆಮಂಗಳೂರಿಗೆ ಫೋನು ಮಾಡಿದೆ. ತೆಗೆಯಲಿಲ್ಲ. ಮತ್ತೆರಡು ಸಲ ಮಾಡಿದೆ.

ಸಂಜೆ ದೇವರ ಎದುರು ದೀಪ ಹಚ್ಚಿದ ಮೇಲೆ ನನಗೊಂದು ಅಭ್ಯಾಸ ಉಂಟು. ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳಿನಲ್ಲಿ ಎಣಿಸುವುದು. ದೊಡ್ಡದೇ ಆಗಬೇಕೆಂದಿಲ್ಲ. ಹಾಲು ಉಕ್ಕುವಾಗ ನೋಡಿದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಅತ್ತೆಗೆ ಕೆಮ್ಮು ಕಡಿಮೆಯಾದದ್ದು. ಆ ದಿನ ಬೆರಳು ಮಡಚಲು ಹೋದರೆ ಒಂದೇ ಸಿಕ್ಕಿತು. ತಪ್ಪು ಎಂದು ಅದೇ ದಿನ ಗೊತ್ತಾಯಿತಲ್ಲ, ಅದು. ಒಂದು ವರ್ಷ ಕಳೆದು ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ?

ಮರುದಿನ ಬೆಳಿಗ್ಗೆ ಬೇಗ ಅಡುಗೆ ಮುಗಿಸಿ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ನಮ್ಮ ಹಿತ್ತಿಲಿನ ಕದಳಿ ಬಾಳೆಹಣ್ಣು ಒಂದು ಹೆಣೆ, ಒಂದಿಷ್ಟು ಬಸಳೆ ಕಟ್ಟಿಕೊಂಡೆ. ಗಂಡ ಬಿ.ಸಿ.ರೋಡಿನ ಹಾರ್ಡ್‌ವೇರ್ ಅಂಗಡಿಗೆ ಕೆಲಸಕ್ಕೆ ಹೋಗುವವರು, ಅಲ್ಲಿಯವರೆಗೆ ಬೈಕಿನಲ್ಲಿ ಬಿಟ್ಟರು. ದಾರಿಯಿಡೀ ಮಾತಿಲ್ಲ. ಇಳಿಯುವಾಗ, "ಕಾರಣ ಹೇಳ್ಲಿಕ್ಕೆ ಹೋಗ್ಬೇಡ. ನೀನು ಕಾರಣ ಹೇಳ್ಲಿಕ್ಕೆ ಶುರು ಮಾಡಿದ್ರೆ ಮತ್ತೆ ಜಗಳವೇ ಆಗ್ತದೆ" ಎಂದರು. ಹೆಚ್ಚು ಮಾತಾಡದ ಗಂಡ ಸಿಕ್ಕಿದ್ದನ್ನೂ ನಾನು ಬೆರಳಿನಲ್ಲಿ ಎಣಿಸುವುದುಂಟು.

ಹೊಳೆಯ ಹಳೆಯ ಸೇತುವೆಯ ಮೇಲೆ ನಡೆದೇ ದಾಟಿದೆ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸುತ್ತಾ ಹೋದವಳಿಗೆ ಅವಳ ಅಂಗಳದಲ್ಲಿ ಸ್ಕೂಟರ್ ಕಂಡ ಕೂಡಲೇ ಎಲ್ಲ ಮರೆತುಹೋಯಿತು.

ಬಾಗಿಲು ತೆಗೆದಳು. ಮುಖ ಬಾಡಿತ್ತು, ಆದರೆ, "ಬನ್ನಿ ಅಕ್ಕ, ಒಳಗೆ ಬನ್ನಿ" ಎಂದಳು. ಕುಳ್ಳಿರಿಸಿ, ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೆಂಬು ನೀರು ತಂದು ಎದುರಿಗಿಟ್ಟಳು. ಬಿಸಿಲಿಗೆ ಬಂದವರಿಗೆ ಯಾರಾದರೂ ಕೊಡುವುದೇ. ನಾನು ಒಂದು ಗುಟುಕು ನೀರು ಮಾತ್ರ ಕುಡಿದೆ.

"ತಂಗಿ, ನನ್ನದು ತಪ್ಪಾಯ್ತು."

ಅವಳು ಬಾಳೆಹಣ್ಣಿನ ಹೆಣೆಯನ್ನು ಮೇಜಿನ ಮೇಲಿಟ್ಟು ನನ್ನ ಎದುರಿಗೆ ಕುಳಿತಳು.

"ನಾನು ಕೇಳದೆ ಹೋದದ್ದಲ್ಲ ಅಕ್ಕ. ಸಾವಿನ ಮನೆಗೆ ಹೋಗಿ ಬಂದು, ಮಿಂದು, ನಮ್ಮ ಅಮ್ಮನಿಗೆ ಫೋನ್ ಮಾಡಿದ್ದೆ. ಅಮ್ಮ ನಮ್ಮ ಕುಟುಂಬದ ಹಿರಿಯ ಮಾವನ ಹತ್ತಿರ ಕೇಳಿದ್ರು. ನಿನಗೆ ಎಂತದೂ ಇಲ್ಲ, ಸರದಿ ತಪ್ಪಿಸ್ಬೇಡ, ಹೋಗು ಅಂತ ಅವರೇ ಹೇಳಿದ್ದು."

ನಾನು ತಲೆ ತಗ್ಗಿಸಿದೆ. ದೇವರ ನಿಯಮದಲ್ಲಿ ನನಗಿಂತ ಜಾಗ್ರತೆಯವಳಿಗೆ ನಾನು ನಿಯಮ ಕಲಿಸಲು ಹೋಗಿದ್ದೆ.

"ಇವರು ದುಬೈಯಿಂದ ಫೋನ್ ಮಾಡಿದ್ರು" ಎಂದು ಗಂಡನ ಮಾತೆತ್ತಿ ಅವಳೇ ಮುಂದುವರಿಸಿದಳು. "ಇವರ ರೂಮಿನವರಿಗೆ ಸಹ ಯಾರೋ ನಿಮ್ಮ ಸ್ವರ ಕಳಿಸಿದ್ದಾರಂತೆ. ಇವರಿಗೆ ಗೊತ್ತುಂಟು ನನಗೆ ಸೂತಕ ಇಲ್ಲ ಅಂತ. ಬೇರೆಯವರಿಗೆ? ಎಷ್ಟು ಜನರ ಹತ್ತಿರ ಹೋಗಿ ಹೇಳುವುದು ನಾನು?"

"ನೀನು ಗ್ರೂಪಲ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ ತಂಗಿ. ಆಗಲೇ ನಾನು..."

ಗಂಡ ಹೇಳಿದ್ದು ನೆನಪಾಗಿ ಅಲ್ಲಿಗೇ ನಿಲ್ಲಿಸಿದೆ. ಸ್ವಲ್ಪ ತಡವಾಗಿತ್ತು.

"ಹೇಳ್ಬೇಕು ಅಂತಲೇ ಫೋನ್ ತೆಗೆದದ್ದು. ಅಷ್ಟರಲ್ಲಿ ಕೈಮುಗಿದದ್ದು ನೋಡಿದೆ. ಹನ್ನೊಂದು ಜನ ಅಕ್ಕ. ಎಣಿಸಿದೆ. ಹನ್ನೊಂದು ಜನ ನಿಮ್ಮ ಮಾತಿಗೆ ಕೈಮುಗಿದ್ರು. ನಾನು ಹಾಡು ಹೇಳಿಕೊಟ್ಟವರೇ ಎಲ್ಲ. ಮತ್ತೆ ಹೇಳುವುದು ಯಾರಿಗೆ?"

ಆ ಹನ್ನೊಂದರಲ್ಲಿ ಹೆಚ್ಚಿನವರು ಕೇಳದೆಯೇ ಕೈಮುಗಿದದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ಬೆಳಿಗ್ಗೆ ಸ್ವರ ಕಳಿಸಿದರೆ ಯಾವಾಗಲೂ ಅದು ಯಾವುದಾದರೂ ದೇವರ ನಾಮ. ಅದೆಂದುಕೊಂಡು ಅಭ್ಯಾಸಬಲದಲ್ಲಿ ಕೈಮುಗಿದ ಚಿತ್ರ ಒತ್ತಿ ಅವರವರ ಕೆಲಸಕ್ಕೆ ಹೋಗಿದ್ದರು. ಒಬ್ಬಳಂತೂ, "ಅಯ್ಯೋ ಅಕ್ಕ, ನಾನು ಇಡ್ಲಿ ಬೇಯಿಸ್ತಾ ಇದ್ದೆ, ನಿಮ್ಮದೇನು ಅಂತ ತೆರೆದೇ ನೋಡ್ಲಿಲ್ಲ" ಎಂದು ಅಳುವ ಹಾಗೆ ಹೇಳಿದಳು. ಆದರೆ ಪಾಣೆಮಂಗಳೂರಿನ ಆ ಮನೆಯಲ್ಲಿ ಕುಳಿತಾಗ ನನಗೂ ಅದು ಗೊತ್ತಿರಲಿಲ್ಲ, ಅವಳಿಗೂ ಇಲ್ಲ.

"ನಾಳೆ ಸಂಜೆ ಸಮಿತಿಯವರ ಮೀಟಿಂಗ್ ಅಂತಲ್ಲ" ಎಂದಳು. "ಪುಣ್ಯಾಹ ಮಾಡಿಸ್ತಾರಂತೆ. ಅದೊಂದು ಆದ್ರೆ ಆಯ್ತು. ಇವಳಿಂದ ಮಂದಿರ ಮೈಲಿಗೆ ಆಯ್ತು ಅಂತ ಆಯ್ತು. ಮತ್ತೆ ನಾನು ಆ ಮೆಟ್ಟಿಲು ಹತ್ತುವುದು ಹೇಗೆ? ನನಗೆ ಎಂಟು ವರ್ಷ ಇರುವಾಗಿನಿಂದ ಹಾಡ್ತಾ ಇದ್ದೇನೆ ಅಲ್ಲಿ."

ಅವಳ ಕಣ್ಣು ತುಂಬಿತು. ನನ್ನದೂ.

"ಅದಕ್ಕೇ ನಾನು ಬಂದದ್ದು ತಂಗಿ. ಕಾಲು ಹಿಡೀಬೇಕು ಅಂದ್ರೂ ಹಿಡೀತೇನೆ."

"ಛೆ, ದೊಡ್ಡವರು ನೀವು. ಅದೆಲ್ಲ ಬೇಡ." ಸೆರಗಿಲ್ಲದ ಚೂಡಿದಾರಿನ ತೋಳಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, ಒಂದೊಂದೇ ಮಾತನ್ನು ಇಟ್ಟ ಹಾಗೆ ಹೇಳಿದಳು: "ನೀವು ಮನೆಯವರೆಗೆ ಬಂದದ್ದು ಸಂತೋಷ ಅಕ್ಕ. ಆದ್ರೆ ನೀವು ಬೈದದ್ದು ನನ್ನ ಅಂಗಳದಲ್ಲಿ ನಿಂತು ಅಲ್ಲ."

"ಗ್ರೂಪಲ್ಲಿ ಹೇಳ್ಬೇಕಾ? ನೀನು ಈಗ ಗ್ರೂಪಲ್ಲಿ ಇಲ್ಲವಲ್ಲ. ನಿನಗೆ ಕೇಳುವುದಿಲ್ಲ."

"ನನಗೆ ಕೇಳ್ಬೇಕು ಅಂತ ಇಲ್ಲ. ನಿಮ್ಮ ಮೊದಲಿನ ಮಾತು ಯಾರಿಗೆಲ್ಲ ಕೇಳಿದೆಯೋ ಅವರಿಗೆ ಕೇಳ್ಬೇಕು."

ಹೊರಡುವಾಗ ಬಸಳೆಯ ಕಟ್ಟಿಗೆ ಬದಲು ಅವಳು ನನ್ನ ಚೀಲಕ್ಕೆ ನಾಲ್ಕು ಮಾವಿನಮಿಡಿ ಹಾಕಿದಳು. ಖಾಲಿ ಚೀಲ ಕಳಿಸಬಾರದೆಂದು ಹಾಕಿದ್ದು, ಕ್ಷಮಿಸಿದ್ದೇನೆ ಎಂದು ಅಲ್ಲ. ಅಷ್ಟು ನನಗೆ ಅರ್ಥವಾಗುತ್ತದೆ.

ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಬರುವಾಗ ನನಗೆ ಸ್ವಲ್ಪ ಅಸಮಾಧಾನವೇ ಆಗಿತ್ತು. ನಮ್ಮ ಕಡೆ ಯಾರಿಗಾದರೂ ಬೇಸರ ಮಾಡಿದರೆ ಅವರ ಮನೆಗೆ ಹೋಗಿ, ಎದುರಿಗೆ ನಿಂತು ಹೇಳುವುದೇ ದೊಡ್ಡದು. ಅದಕ್ಕಿಂತ ಹೆಚ್ಚಿನದು ಇಲ್ಲ. ನಾನು ಹೊಳೆ ದಾಟಿ ಹೋಗಿದ್ದೆ. ಗ್ರೂಪಿನ ಅಷ್ಟೂ ಜನರೆದುರು ತಪ್ಪಾಯಿತು ಎನ್ನುವುದೆಂದರೆ ಮರುದಿನ ಹಾಲಿನ ಡೈರಿಗೆ ಹೋದರೂ, ರೇಷನ್ ಅಂಗಡಿಗೆ ಹೋದರೂ ನನ್ನ ಮುಖವನ್ನೇ ನೋಡುತ್ತಾರೆ. ಹಾಗೆ ಯೋಚಿಸುತ್ತಾ ಕುಳಿತಿದ್ದಾಗ ತಿಳಿಯಿತು: ಅವಳನ್ನು ಈಗ ನೋಡುತ್ತಿರುವುದೂ ಹಾಗೆಯೇ ಅಲ್ಲವೇ? ಅದೂ ಏನೂ ಮಾಡದವಳನ್ನು.

ಆದರೂ ಆ ದಿನ ಧೈರ್ಯ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಮಿಂದು, ದೇವರಿಗೆ ಹೂ ಇಟ್ಟು, ಫೋನು ಹಿಡಿದು ದೇವರ ಕೋಣೆಯ ಹೊಸ್ತಿಲಲ್ಲಿ ಕುಳಿತೆ. ಕಳಿಸುವ ಮೊದಲು ಒಮ್ಮೆ ಹೇಳಿ ನೋಡುವ ಎಂದು ಗಟ್ಟಿಯಾಗಿ ಹೇಳಿದೆ. "ಮಂಡಳಿಯ ಎಲ್ಲರಿಗೂ ನಮಸ್ಕಾರ. ಮೊನ್ನೆ ನಾನು ದೇವರ ಕೆಲಸದ ಮೇಲಿನ ಕಾಳಜಿಯಿಂದ ಒಂದು ಮಾತು ಹೇಳಿದ್ದೆ. ಅದರಿಂದ ಯಾರಿಗಾದರೂ ಬೇಸರ ಆಗಿದ್ದರೆ ಕ್ಷಮೆ ಇರಲಿ."

ಹಿಂದಿನಿಂದ ಅತ್ತೆಯ ಸ್ವರ ಬಂತು. ಬೇಡದಿದ್ದಾಗ ಅವರಿಗೆ ಎಲ್ಲವೂ ಕೇಳುತ್ತದೆ. "ಅದರಲ್ಲಿ ನಿನ್ನ ತಪ್ಪು ಎಲ್ಲಿ ಉಂಟು?"

"ಕ್ಷಮೆ ಕೇಳಿದೆನಲ್ಲ ಅತ್ತೆ."

"ನೀನು ಕಾಳಜಿಯವಳು ಅಂತ ಉಂಟು. ಅವರಿಗೆ ಬೇಸರ ಆಯ್ತು ಅಂತ ಉಂಟು. ಅವಳಿಗೆ ಸೂತಕ ಇರ್ಲಿಲ್ಲ ಅಂತ ಎಲ್ಲಿ ಉಂಟು? ಇದನ್ನು ಕಳಿಸಿದ್ರೆ ಸಮಿತಿಯವರು ಭಟ್ಟರಿಗೆ ಫೋನ್ ಮಾಡುವುದು ಬಿಡ್ತಾರಾ?"

ಎಂಬತ್ತೊಂದು ವರ್ಷದವರು, ಫೋನು ಹಿಡಿಯಲು ಬರುವುದಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಎರಡನೆಯ ಸಲ ಹೇಳಿದೆ. ಅದರಲ್ಲಿ ನನ್ನ ತವರಿನ ಪದ್ಧತಿಯ ವಿವರಣೆ ಉದ್ದವಾಯಿತು. "ನಿನ್ನ ತವರಿನ ಕಥೆ ಯಾರು ಕೇಳಿದ್ದು?" ಎಂದರು. ಮೂರನೆಯ ಸಲ ಮೈಕಿನ ಗುರುತನ್ನು ಒತ್ತಿಯೇ ಬಿಟ್ಟೆ.

"ನಾನು ಭಾನುವಾರ ಗ್ರೂಪಿನಲ್ಲಿ ಹೇಳಿದ್ದು ತಪ್ಪು. ನಮ್ಮ ತಂಗಿಗೆ ಸೂತಕ ಇರಲಿಲ್ಲ. ಅವರದ್ದು ಅಳಿಯಕಟ್ಟು, ಗಂಡನ ಕುಟುಂಬದ ಸೂತಕ ಅವಳಿಗೆ ಬರುವುದಿಲ್ಲ. ಅವಳು ಹಿರಿಯರ ಹತ್ತಿರ ಕೇಳಿಯೇ ಬಂದದ್ದು. ಕೇಳದೆ ಮಾತಾಡಿದ್ದು ನಾನು. ಮಂದಿರಕ್ಕೆ ಎಂತ ಮೈಲಿಗೆಯೂ ಆಗಲಿಲ್ಲ. ಮೊದಲು ನನ್ನ ತಾಳಕ್ಕೆ ಅವಳು ಒಂದು ಮಾತು ಹೇಳಿದ್ದಳು, ಆ ಸಿಟ್ಟು ಸಹ ನನಗೆ ಸ್ವಲ್ಪ ಇತ್ತು. ತಂಗಿ ನನ್ನನ್ನು ಕ್ಷಮಿಸಬೇಕು. ಮೊದಲಿನ ಮಾತನ್ನು ಯಾರಿಗೆಲ್ಲ ಕಳಿಸಿದ್ದೀರೋ ಇದನ್ನೂ ಅವರಿಗೆ ಕಳಿಸಿ."

ತಾಳದ ವಿಷಯ ಹೇಳಬೇಕೆಂದು ಅಂದುಕೊಂಡಿರಲಿಲ್ಲ, ಬಂದುಬಿಟ್ಟಿತು. ಅತ್ತೆ, "ಹ್ಞಾಂ" ಎಂದು ಎದ್ದು ಹೋದರು.

ಗ್ರೂಪಿನಲ್ಲಿ ಒಂದು ಗಂಟೆ ಯಾರೂ ಮಾತಾಡಲಿಲ್ಲ. ಎರಡೆರಡು ನಿಮಿಷಕ್ಕೆ ಫೋನು ನೋಡಿದೆ. ಒಗೆದ ಬಟ್ಟೆ ಹರವಲು ಹೋಗುವಾಗಲೂ ಫೋನು ಸೊಂಟದಲ್ಲಿ. ಭಾನುವಾರ ಎರಡೇ ನಿಮಿಷದಲ್ಲಿ ಕೈಮುಗಿದವರು ಈಗ ಎಲ್ಲಿ ಹೋದರು ಎಂದು ಒಮ್ಮೆ ಸಿಟ್ಟೂ ಬಂತು. ಬಹುಶಃ ಈ ಸಲ ಅವರು ಕೂತು ಕೇಳುತ್ತಿದ್ದರು.

ಮೊದಲು ಟೀಚರ್ ಬರೆದರು. "ಕೇಳಿದೆ. ಸಂಜೆ ಸಮಿತಿಯವರಿಗೂ ಕೇಳಿಸುತ್ತೇನೆ." ಅಷ್ಟೇ. ಆಮೇಲೆ ಒಬ್ಬೊಬ್ಬರಾಗಿ, "ನಮ್ಮದೂ ತಪ್ಪು, ಪೂರ್ತಿ ಕೇಳದೆ ಕೈಮುಗಿದೆವು" ಎಂದು ಹಾಕತೊಡಗಿದರು. ಪುಣ್ಯಾಹದ ಮಾತೆತ್ತಿದವರು ಮಾತ್ರ ಏನೂ ಬರೆಯಲಿಲ್ಲ. ಅವರು ಇವತ್ತಿಗೂ ಬರೆದಿಲ್ಲ. ಇರಲಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಟೀಚರ ಫೋನು ಬಂತು. "ಪುಣ್ಯಾಹದ ಮಾತು ನಿಂತಿತು ಮಾರಾಯ್ರೆ. ಸಮಿತಿಯ ಹಿರಿಯರೊಬ್ಬರು ನಗಾಡಿದ್ರು. ಅಳಿಯಕಟ್ಟಿನ ಹುಡುಗಿಗೆ ಎಂತ ಸೂತಕ, ಪುಣ್ಯಾಹ ಬೇಕಾದ್ರೆ ನಿಮ್ಮ ಹೆಂಗಸರ ಗ್ರೂಪಿಗೆ ಮಾಡಿಸಿ ಅಂದ್ರು. ನಾನೆಂತ ಹೇಳುವುದು, ಅವರು ಹೇಳಿದ್ದು ಸರಿಯೇ."

"ಅವಳು ಬರ್ತಾಳಾ ಟೀಚರ್?"

"ಅದು ಅವಳಿಗೆ ಬಿಟ್ಟದ್ದು. ನಾನು ಗ್ರೂಪಿಗೆ ಪುನಃ ಸೇರಿಸಿದ್ದೇನೆ. ಇರ್ಬಹುದು, ಹೋಗ್ಬಹುದು."

ಬುಧವಾರ ಏನೂ ಇಲ್ಲ. ಗುರುವಾರವೂ ಇಲ್ಲ. ಅವಳು ಗ್ರೂಪಿನಲ್ಲಿ ಇದ್ದಳು, ಬಿಟ್ಟು ಹೋಗಲಿಲ್ಲ. ಅಷ್ಟನ್ನೇ ನಾನು ಆ ಎರಡು ಸಂಜೆ ಬೆರಳು ಮಡಚಿ ಎಣಿಸಿದೆ. ನಾನಾಗಿ ಫೋನು ಮಾಡಲಿಲ್ಲ. ಮಾಡಬೇಕೆಂದು ಕೈ ಹೋಗುತ್ತಿತ್ತು. ಆದರೆ ಕ್ಷಮಿಸಿದೆಯಾ, ಕ್ಷಮಿಸಿದೆಯಾ ಎಂದು ಕೇಳುತ್ತಿದ್ದರೆ ಅದೂ ಒಂದು ಜೋರು ಮಾಡಿದ ಹಾಗೆಯೇ ಎಂದು ಸುಮ್ಮನಿದ್ದೆ. ನನ್ನ ಬಾಯಿ ಎರಡು ದಿನ ಅಷ್ಟು ಸುಮ್ಮನಿದ್ದದ್ದು ನೋಡಿ ಗಂಡ, "ಗ್ರೂಪಿನಿಂದ ಮನೆಗೂ ಉಪಕಾರ ಆಯ್ತು" ಎಂದರು. ನಾನು ನಗಲಿಲ್ಲ. ಅತ್ತೆ ನಕ್ಕರು, ಅವರಿಗೆ ಅದೂ ಕೇಳಿತ್ತು.

ಶುಕ್ರವಾರ ಮಧ್ಯಾಹ್ನಕ್ಕೆ ಮೊದಲು ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು. ಅಂಗಳದಲ್ಲಿ ಒಣಹಾಕಿದ್ದ ಹುಣಸೆಯನ್ನು ತಿರುವಿ ಹಾಕುತ್ತಿದ್ದೆ. ಫೋನು ಟಿಣ್ ಎಂದಿತು. ಗ್ರೂಪಿನಲ್ಲಿ ಅಲ್ಲ, ನನಗೊಬ್ಬಳಿಗೇ. ಅವಳ ಸ್ವರ.

"ಅಕ್ಕ, ನಾಳೆ ಬರ್ತೇನೆ. ಎದುರಿನ ಸಾಲಲ್ಲಿ ಕೂತ್ಕೊಳ್ಳುವುದಿಲ್ಲ. ಹಾಡು ಎತ್ತಿಕೊಡ್ಲಿಕ್ಕೆ ಸಹ ಈಗ ಮನಸ್ಸಿಲ್ಲ. ಹಿಂದೆ ಕೂತು ಹೇಳ್ತೇನೆ. ಟೀಚರಿಗೆ ನೀವೇ ಹೇಳಿ, ಒತ್ತಾಯ ಮಾಡ್ಬೇಡಿ ಅಂತ."

ಪರವಾಗಿಲ್ಲ ಅಕ್ಕ ಎಂಬ ಮಾತು ಅದರಲ್ಲಿ ಇದೆಯೇ ಎಂದು ಎರಡು ಸಲ ಕೇಳಿದೆ. ಇರಲಿಲ್ಲ. ಬರುತ್ತೇನೆ ಎಂಬುದು ಇತ್ತು. ನಾನು ಅಂಗಳದಲ್ಲೇ ನಿಂತು, ಸ್ವರ ಆದಷ್ಟು ಸಣ್ಣದು ಮಾಡಿ ಉತ್ತರ ಕೊಟ್ಟೆ. "ಆಯ್ತು ತಂಗಿ. ನಿನಗೆ ಮನಸ್ಸು ಬಂದಾಗ ಮುಂದೆ ಹೋಗು. ಅಲ್ಲಿಯವರೆಗೆ ನಾನೂ ಹಿಂದೆಯೇ ನಿನ್ನ ಪಕ್ಕ ಕೂತ್ಕೊಳ್ತೇನೆ, ನಿನಗೆ ಬೇಡ ಅಂತ ಇಲ್ಲದಿದ್ರೆ."

ಬರೆಯುತ್ತಿದ್ದಾಳೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಕೊನೆಗೆ ಬಂದದ್ದು ಒಂದೇ ಸಾಲು.

"ಕೂತ್ಕೊಳ್ಳಿ. ತಾಳ ಮಾತ್ರ ನನ್ನ ಕಿವಿಯ ಹತ್ತಿರ ಓಡಿಸ್ಬೇಡಿ."

ನಗುವ ಮುಖ ಹಾಕಿರಲಿಲ್ಲ. ನಾನು ಅಂಗಳದಲ್ಲಿ ಒಬ್ಬಳೇ ನಿಂತು ನಕ್ಕೆ, ಕಣ್ಣಿನಲ್ಲಿ ನೀರೂ ಬಂತು. ಸಂಜೆಯವರೆಗೆ ಕಾಯಲಿಲ್ಲ, ಅಲ್ಲೇ ಒಂದು ಬೆರಳು ಮಡಚಿದೆ.

"ಎಂತ ಮಾಡ್ತಿ ಬಿಸಿಲಲ್ಲಿ ನಿಂತು? ಅನ್ನ ಬೆಂದು ಮುದ್ದೆ ಆಗ್ತದೆ, ಬಸಿಯುವುದಿಲ್ಲವಾ?" ಎಂದು ಒಳಗಿನಿಂದ ಅತ್ತೆ ಕೂಗಿದರು.

"ಬಂದೆ ಅತ್ತೆ" ಎಂದು ಫೋನನ್ನು ಜಗಲಿಯಲ್ಲಿಟ್ಟು, ಕೈ ತೊಳೆದು, ಗಂಜಿ ಬಸಿಯಲು ಒಳಗೆ ಹೋದೆ.